ಸಂಜೆ ಮುಕ್ಕಾಲು ಗಂಟೆ ಮಾತ್ರ ಬರುತ್ತಿದ್ದ ಎಂಟನೇ ಚಾನೆಲ್

ಟೆಕ್ಸಸ್‌ನ ಗ್ಲೆನ್ ರೋಸ್‌ನ ಡೈನೋಸಾರ್ ವ್ಯಾಲಿ ಸ್ಟೇಟ್ ಪಾರ್ಕ್‌ನಲ್ಲಿ ನಮ್ಮ ಟ್ರೇಲರ್ ಮನೆ ನಿಲ್ಲಿಸಿ ಎರಡನೇ ದಿನ. ಅಪ್ಪ ರಿಮೋಟ್ ಹಿಡಿದುಕೊಂಡು ಕೂತಿದ್ದರು. ಹಾಸನದಿಂದ ಬಂದು ಆಗಲೇ ಒಂದು ತಿಂಗಳಾಗಿತ್ತು. ಬೆಳಿಗ್ಗೆ ಪಲಕ್ಸಿ ಹೊಳೆಗೆ ಇಳಿದು ಕಲ್ಲಿನ ಮೇಲಿನ ಡೈನೋಸಾರ್ ಹೆಜ್ಜೆ ನೋಡಿ ಬಂದಿದ್ದರು. ಒಂದು ಹೆಜ್ಜೆಯೊಳಗೆ ತಮ್ಮ ಕಾಲನ್ನೂ ಇಟ್ಟು ಫೋಟೊ ತೆಗೆಸಿಕೊಂಡಿದ್ದರು. ಈಗ ಅವರಿಗೆ ಬೇಕಾಗಿದ್ದದ್ದು ಹವಾಮಾನ ಹೇಳುವ ಡಾಲಸ್‌ನ ಎಂಟನೇ ಚಾನೆಲ್.

‘ನಿನ್ನೆ ಸಂಜೆ ಚೆನ್ನಾಗಿ ಬಂತಲ್ಲೋ. ಈಗ ಯಾಕಿಲ್ಲ?’

ನನಗೂ ಅದೇ ಪ್ರಶ್ನೆ. ಮಧ್ಯಾಹ್ನ ಇಲ್ಲ. ರಾತ್ರಿ ಇಲ್ಲ. ಸಂಜೆ ಏಳೂವರೆಯಿಂದ ಎಂಟೂಕಾಲರವರೆಗೆ ಮಾತ್ರ ಕನ್ನಡಿಯ ಹಾಗೆ ಬರುತ್ತದೆ. ಉಳಿದ ಚಾನೆಲ್‌ಗಳೆಲ್ಲ ದಿನವಿಡೀ ಸರಿ. ಇದೆಂಥ ಹಟ ಅಂತ ತಲೆ ಕೆರೆದುಕೊಂಡೆ.

ಫೋನ್‌ನಲ್ಲೇ ನೋಡಬಹುದಲ್ವಾ ಅಂತ ಕೇಳಬಹುದು. ಆ ಹೊಳೆ ಬದಿಯ ತಗ್ಗಿನಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಏಪ್ರಿಲ್ ಅಂದರೆ ಉತ್ತರ ಟೆಕ್ಸಸ್‌ನಲ್ಲಿ ಆಲಿಕಲ್ಲು, ಸುಂಟರಗಾಳಿ ಕಾಲ. ಹವಾಮಾನ ರೇಡಿಯೋ ನಮ್ಮ ಹತ್ತಿರ ಇದೆ. ಆದರೆ ಅದು ‘ಸಾಮರ್‌ವೆಲ್ ಕೌಂಟಿ, ಹುಡ್ ಕೌಂಟಿ’ ಅಂತ ಕೌಂಟಿಗಳ, ಅಂದರೆ ಇಲ್ಲಿನ ಜಿಲ್ಲೆಗಳ, ಹೆಸರು ಓದುತ್ತಾ ಹೋಗುತ್ತದೆ. ನಾವು ಯಾವ ಕೌಂಟಿಯಲ್ಲಿದ್ದೇವೆ ಅಂತ ನನಗೇ ಒಂದೊಂದು ಸಲ ಗೊತ್ತಿರುವುದಿಲ್ಲ. ಟಿವಿಯವರು ನಕ್ಷೆ ತೋರಿಸಿ, ಮೋಡ ಇಲ್ಲಿದೆ, ಇಷ್ಟು ಹೊತ್ತಿಗೆ ಈ ಊರಿಗೆ ಬರುತ್ತೆ ಅಂತ ಬೆರಳಿಟ್ಟು ಹೇಳುತ್ತಾರೆ. ಹವಾಮಾನ ಹೇಳುವವನು ಕೋಟು ಬಿಚ್ಚಿ ತೋಳು ಮಡಿಸಿದ ಅಂದರೆ ನಾವು ಟ್ರೇಲರ್ ಬಿಟ್ಟು ಕಲ್ಲಿನ ಕಟ್ಟಡ ಹುಡುಕಬೇಕು ಅಂತ ಲೆಕ್ಕ. ಟಿನ್ ಡಬ್ಬದಲ್ಲಿ ಮಲಗುವವರಿಗೆ ಇದು ಬೇಕೇಬೇಕು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮದು 24 ಅಡಿಯ ಸೆಕೆಂಡ್ ಹ್ಯಾಂಡ್ ಟ್ರೇಲರ್. ಮೇಲೆ ಬಾವಲಿ ರೆಕ್ಕೆಯಂಥ ಆಂಟೆನಾ. ಒಳಗೆ ಛಾವಣಿಯಲ್ಲಿರುವ ಹಿಡಿಕೆ ತಿರುಗಿಸಿದರೆ ಮೇಲೇಳುತ್ತದೆ. ಅದರ ಕೆಳಗಿನ ಇನ್ನೊಂದು ಹಿಡಿಯನ್ನು ಎರಡೂ ಕೈಯಲ್ಲಿ ಕೆಳಕ್ಕೆ ಜಗ್ಗಿ ತಿರುಗಿಸಿದರೆ ದಿಕ್ಕು ಬದಲಾಗುತ್ತದೆ. ಆಂಟೆನಾದ ತಲೆಯೊಳಗೇ ಒಂದು ಆಂಪ್ಲಿಫೈಯರ್ ಇದೆ. ನಮ್ಮೂರಲ್ಲಿ ಬೂಸ್ಟರ್ ಅಂತಿದ್ದೆವಲ್ಲ, ಅದೇ. ಅದಕ್ಕೆ ಬೇಕಾದ 12 ವೋಲ್ಟ್ ಬೇರೆ ವೈರಿನಲ್ಲಿ ಹೋಗುವುದಿಲ್ಲ. ಗೋಡೆಯ ಟಿವಿ ಪ್ಲೇಟಿನಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಒತ್ತಿದರೆ ಹಸಿರು ದೀಪ ಹತ್ತಿ, ಟಿವಿ ಕೇಬಲ್‌ನ ನಡು ತಂತಿಯಲ್ಲೇ ಕರೆಂಟ್ ಮೇಲಕ್ಕೆ ಹೋಗುತ್ತದೆ. ಅದೇ ತಂತಿಯಲ್ಲಿ ಸಿಗ್ನಲ್ ಕೆಳಕ್ಕೆ ಬರುತ್ತದೆ. ಸ್ವಿಚ್ ಆಫ್ ಇದ್ದರೆ ಆಂಟೆನಾ ಸಂಪರ್ಕ ಕಡಿದು, ಕ್ಯಾಂಪ್‌ಗ್ರೌಂಡ್‌ನ ಕೇಬಲ್ ಸಂಪರ್ಕ ಟಿವಿಗೆ ಸೇರುತ್ತದೆ. ಇದು ಗೊತ್ತಿಲ್ಲದೆ ಮೊದಲ ವರ್ಷ ನಾನು ಸ್ವಿಚ್ ಆಫ್ ಮಾಡಿಟ್ಟು ‘ಆಂಟೆನಾ ಕೆಟ್ಟಿದೆ’ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಚಳಿಗಾಲದಲ್ಲಿ ಡಾಲಸ್ ಪಕ್ಕದ ಪ್ಲೇನೋದ ನಮ್ಮ ಮನೆ ಮುಂದೆಯೇ ಚಾನೆಲ್‌ಗಳು ಚೌಕ ಚೌಕವಾಗಿ ಒಡೆಯುತ್ತಿದ್ದವು. ಡಾಲಸ್‌ನ ದೊಡ್ಡ ಚಾನೆಲ್‌ಗಳ ಟವರ್‌ಗಳೆಲ್ಲ ದಕ್ಷಿಣಕ್ಕೆ ಸೀಡರ್ ಹಿಲ್‌ನಲ್ಲಿವೆ. ನಮ್ಮ ಮನೆಗೆ ಸುಮಾರು 35 ಮೈಲಿ. ಅಷ್ಟು ದೂರಕ್ಕೆ ಈ ಆಂಟೆನಾ ಧಾರಾಳ ಸಾಕು. ಆದರೂ ಆಂಟೆನಾದ್ದೇ ದೋಷ ಅಂತ ತೀರ್ಮಾನಿಸಿ, ರೆಕ್ಕೆಯ ಮುಂದೆ ಸಿಕ್ಕಿಸುವ ಬಾಚಣಿಗೆಯಂಥ ಒಂದು ತುಂಡು ತರಿಸಿದೆ. ಹಾಕಿದ ಮೇಲೆ 4, 5 ಸ್ವಲ್ಪ ಸುಧಾರಿಸಿದವು. 8 ಕದಲಲಿಲ್ಲ.

ಕದಲುವುದೂ ಇಲ್ಲ. ಟಿವಿಯಲ್ಲಿ ಕಾಣುವ ನಂಬರ್ ಬೇರೆ, ಗಾಳಿಯಲ್ಲಿ ಬರುವ ನಂಬರ್ ಬೇರೆ. ಡಾಲಸ್‌ನ 4 ನಿಜವಾಗಿ ಬರುವುದು 35ರಲ್ಲಿ. 5 ಬರುವುದು 24ರಲ್ಲಿ. ಎರಡೂ ಯುಎಚ್‌ಎಫ್, ಅಂದರೆ ಹೆಚ್ಚಿನ ಫ್ರೀಕ್ವೆನ್ಸಿಯ ಪಟ್ಟಿ. ಆದರೆ 8 ಮಾತ್ರ ನಿಜವಾಗಿಯೂ 8ರಲ್ಲೇ ಇದೆ. ಅದು ವಿಎಚ್‌ಎಫ್, ಅಂದರೆ ಅದಕ್ಕಿಂತ ಕೆಳಗಿನ ಪಟ್ಟಿ, 180ರಿಂದ 186 ಮೆಗಾಹರ್ಟ್ಸ್. ನಾನು ತಂದ ಬಾಚಣಿಗೆ ಯುಎಚ್‌ಎಫ್‌ಗೆ ಮಾತ್ರ. ಅದರ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆದೂ ಇತ್ತು. ಓದಿರಲಿಲ್ಲ. ನಿಮ್ಮ ಊರಿನ ಯಾವ ಚಾನೆಲ್ ನಿಜವಾಗಿ ಯಾವ ನಂಬರಿನಲ್ಲಿದೆ, ಟವರ್ ಯಾವ ದಿಕ್ಕಿಗಿದೆ ಅಂತ ರ‍್ಯಾಬಿಟ್‌ಇಯರ್ಸ್ ಸೈಟಿನಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ದುಡ್ಡು ಖರ್ಚು ಮಾಡುವ ಮುಂಚೆ ನೋಡಿ.

ಮಾರ್ಚ್‌ನಲ್ಲಿ ಅಪ್ಪ ಬಂದ ಮೇಲೆ ಕೆಲಸ ಶುರುವಾಯಿತು. ಅವರಿಗೆ ಆಂಟೆನಾ ಅಂದರೆ ಹಳೇ ಪ್ರೀತಿ. 80ರ ದಶಕದಲ್ಲಿ ನಮ್ಮ ಮನೆ ಹೆಂಚಿನ ಮೇಲೆ ಹತ್ತಿ, ಕಬ್ಬಿಣದ ಪೈಪು ತಿರುಗಿಸುತ್ತಾ ‘ಬಂತಾ? ಬಂತಾ?’ ಅಂತ ಕೂಗುತ್ತಿದ್ದವರು ಅವರೇ. ಕೆಳಗಿನಿಂದ ಅಮ್ಮ ‘ಬಂತು, ಬಂತು, ಅಯ್ಯೋ ಹೋಯ್ತು’ ಅನ್ನುತ್ತಿದ್ದಳು. ಇಲ್ಲೂ ಹಾಗೇ ಸರಸರ ತಿರುಗಿಸಿದರು. ಏನೂ ಬರಲಿಲ್ಲ. ಆಗಿನ ಟಿವಿಯಲ್ಲಿ ಚುಕ್ಕಿ ಕಡಿಮೆಯಾಗುತ್ತಾ ಬರುವುದು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ದೊಡ್ಡ ಚಾನೆಲ್‌ಗಳ ಹಳೇ ಪ್ರಸಾರವೆಲ್ಲ ನಿಂತು ಡಿಜಿಟಲ್ ಆಯಿತು. ಈಗ ಚುಕ್ಕಿ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಜೊತೆಗೆ ಟಿವಿಗೆ ಸಿಗ್ನಲ್ ಹಿಡಿಯಲು ಎರಡು ಮೂರು ಸೆಕೆಂಡ್ ಬೇಕು. ಸರಸರ ತಿರುಗಿಸಿದರೆ ಸರಿಯಾದ ಜಾಗ ದಾಟಿ ಹೋಗಿರುತ್ತದೆ. ಸ್ವಲ್ಪ ತಿರುಗಿಸಿ, ಐದು ಎಣಿಸಿ, ಮತ್ತೆ ತಿರುಗಿಸಬೇಕು.

ಕಣ್ಣಿನ ಬದಲು ಮೀಟರ್ ನೋಡಬೇಕು. ನಮ್ಮ ಟಿವಿಯ ಮೆನುವಿನಲ್ಲಿ ಸಿಗ್ನಲ್ ಮಾಹಿತಿಯ ಪುಟ ಇದೆ. ಅದರಲ್ಲಿ ಎಸ್‌ಎನ್‌ಆರ್ ಅಂತ ಡಿಬಿ (ಡೆಸಿಬೆಲ್) ಲೆಕ್ಕದಲ್ಲಿ ತೋರಿಸುತ್ತದೆ. ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅಂತ. ಇಲ್ಲಿನ ಪ್ರಸಾರಕ್ಕೆ ಸುಮಾರು 15 ಡಿಬಿ ಗೆರೆ. ಅದಕ್ಕಿಂತ ಕೆಳಗೆ ಬಿದ್ದರೆ ಚಿತ್ರ ಇಲ್ಲ. 16 ಇದ್ದರೂ ಚಿತ್ರ ಚೆನ್ನಾಗೇ ಇರುತ್ತದೆ, ಆದರೆ ಒಂದು ಲಾರಿ ಪಕ್ಕದಲ್ಲಿ ಹೋದರೆ ಸಾಕು, ಒಡೆಯುತ್ತದೆ. ಅವತ್ತು ಮನೆ ಮುಂದೆ 5ಕ್ಕೆ 17 ಇತ್ತು. 8ಕ್ಕೆ 11.

ಗೋಡೆ ಪ್ಲೇಟಿನಿಂದ ಮೇಲಕ್ಕೆ ಪರೀಕ್ಷೆ ಮಾಡುತ್ತಾ ಹೋದೆ. ಪ್ಲೇಟಿನ ಹತ್ತಿರ 13.1 ವೋಲ್ಟ್. ಛಾವಣಿ ಹತ್ತಿ, ಆಂಟೆನಾದ ತಲೆಯಿಂದ ಕೇಬಲ್ ಬಿಚ್ಚಿ ಅದರ ತುದಿಯಲ್ಲಿ ಅಳೆದೆ. ಅಲ್ಲೂ 13. ಸರಿ ಇದೆ ಅಂತ ಇಳಿದು ಬಂದೆ. ಇಲ್ಲೇ ನಾನು ಎಡವಿದ್ದು. ಮಲ್ಟಿಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ನಡುವೆ ಕೆಟ್ಟ ಜಾಯಿಂಟ್ ಇದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕೆಲಸ ಮಾಡುವ ಹೊತ್ತಿನಲ್ಲಿ ಎಷ್ಟಿರುತ್ತೆ ಅನ್ನುವುದು ಮುಖ್ಯ. ಅಪ್ಪ ‘ಪಂಪ್‌ಸೆಟ್ ಆನ್ ಮಾಡದೆ ವೋಲ್ಟೇಜ್ ನೋಡಿದ ಹಾಗಾಯ್ತು’ ಅಂದರು. ಸರಿಯಾಗಿಯೇ ಹೇಳಿದರು.

ಮತ್ತೆ ಹತ್ತಿದೆ. ಕರೆಂಟ್ ಎಳೆಯಲಿ ಅಂತ ಕೇಬಲ್ ತುದಿಗೆ 100 ಓಂನ, 2 ವ್ಯಾಟ್ ರೆಸಿಸ್ಟರ್ ಒಂದನ್ನು ಅಡ್ಡ ಹಿಡಿದು ಅಳೆದೆ. ಎಲ್ಲ ಸರಿ ಇದ್ದರೆ ಅದು ಬೆರಳು ಸುಡುವಷ್ಟು ಬಿಸಿಯಾಗಬೇಕು. ಬರೀ ಬೆಚ್ಚಗಾಯಿತು. ಮೀಟರ್ 6.4 ತೋರಿಸಿತು. ಅರ್ಧ ವೋಲ್ಟೇಜ್ ದಾರಿಯಲ್ಲೇ ಉಳಿದಿತ್ತು. ಬೂಸ್ಟರ್ ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತಿತ್ತು.

ಕೇಬಲ್ ಛಾವಣಿಯೊಳಗೆ ಇಳಿಯುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇದೆ. ಅದರ ಕೆಳಗೆ ಜಾಯಿಂಟ್. ರಬ್ಬರ್ ತೊಪ್ಪಿ ಬಿಸಿಲಿಗೆ ಸೀಳಿ ಹೋಗಿತ್ತು. ಒಳಗಿನ ಕನೆಕ್ಟರ್ ತುಂಬ ಹಸಿರು ಕಿಲುಬು. ಎಳೆದ ಕೂಡಲೇ, ನಡು ತಂತಿಯ ಸುತ್ತ ಬಲೆಯಂತೆ ಹೆಣೆದ ತಂತಿ ಪುಡಿಪುಡಿಯಾಗಿ ಕೈಗೆ ಬಂತು. ಅಪ್ಪ ಕೆಳಗಿನಿಂದ ‘ಹುಣಸೆಹಣ್ಣು ಹಚ್ಚಿ ತಿಕ್ಕೋ, ಬಿಂದಿಗೆ ಥರ ಹೊಳೆಯುತ್ತೆ’ ಅಂದರು. ಹೊಳೆಯುತ್ತೆ ನಿಜ. ಆದರೆ ಹುಳಿ ಒಳಗೆ ಉಳಿದು ಎರಡೇ ತಿಂಗಳಲ್ಲಿ ಮತ್ತೆ ತಿನ್ನುತ್ತೆ. ಕತ್ತರಿಸಿ ಬಿಸಾಕಿದೆ.

ಛಾವಣಿಯಿಂದ ಆಂಟೆನಾ ತಲೆಗೆ ಹೋಗುವ ತುಂಡು ಪ್ರತಿ ಸಲ ಏರಿಸಿ ಇಳಿಸುವಾಗ ಮಡಚುತ್ತದೆ. ಅದೂ ಒಳಗೊಳಗೇ ನುರಿದಿತ್ತು. ಎರಡನ್ನೂ ಬದಲಾಯಿಸಿದೆ. ಹಳೆಯದು ತೆಳ್ಳನೆಯ ಆರ್‌ಜಿ-59. ಹೊಸದು ಆರ್‌ಜಿ-6. ನಡು ತಂತಿ ಪೂರ್ತಿ ತಾಮ್ರದ್ದೇ ತಗೊಳ್ಳಿ. ಅಗ್ಗದ ಕೇಬಲ್‌ನಲ್ಲಿ ಉಕ್ಕಿನ ತಂತಿಗೆ ತಾಮ್ರದ ಲೇಪ ಇರುತ್ತದೆ. ಸಿಗ್ನಲ್‌ಗೆ ಅದು ಸಾಕು, ಆದರೆ ಅದರಲ್ಲೇ 12 ವೋಲ್ಟೂ ಹೋಗಬೇಕು ಅಂದರೆ ತಾಮ್ರ ಮೇಲು.

ಕನೆಕ್ಟರ್ ಹಾಕುವುದು ನೋಡಲು ಸುಲಭ. ಮೊದಲ ಮೂರು ನಾನು ಹಾಳು ಮಾಡಿದೆ. ಕೇಬಲ್‌ನ ಬಿಳಿ ಭಾಗ ಕನೆಕ್ಟರ್ ಒಳಗಿನ ತಳಕ್ಕೆ ಸರಿಸಮ ಬಂದು ಕೂರಬೇಕು. ಹೆಣೆದ ತಂತಿಯನ್ನು ಹಿಂದಕ್ಕೆ ಮಡಚುವಾಗ ಒಂದೇ ಒಂದು ಕೂದಲೆಳೆ ನಡು ತಂತಿಗೆ ತಾಗಿದರೂ ಶಾರ್ಟ್. ಮೂರನೆಯದರಲ್ಲಿ ಹಾಗೇ ಆಗಿ ಗೋಡೆ ಪ್ಲೇಟಿನ ಹಸಿರು ದೀಪ ಮಂಕಾಯಿತು. ಭೂತಗನ್ನಡಿ ಹಿಡಿದು ನೋಡಿದ ಮೇಲೆ ಆ ಎಳೆ ಕಂಡಿತು. ನಾಲ್ಕನೆಯದು ಸರಿ ಕೂತಿತು. ಇಕ್ಕಳದಲ್ಲಿ ಅಮುಕುವ ಜಾತಿಯ ಕನೆಕ್ಟರ್ ಬೇಡ, ಕಂಪ್ರೆಷನ್ ಜಾತಿಯದೇ ಇರಲಿ. ಅದಕ್ಕೆ ಬೇರೆ ಟೂಲ್ ಬೇಕು, ಆದರೆ ನೀರು ಒಳಗೆ ಹೋಗುವುದಿಲ್ಲ.

ಮುಚ್ಚಳದ ಸುತ್ತ ಡೈಕಾರ್ ಸೀಲೆಂಟ್ ಸುರಿದೆ. ರಬ್ಬರ್ ಛಾವಣಿಗೆ ಸಿಲಿಕೋನ್ ಹಚ್ಚಬೇಡಿ. ಸರಿಯಾಗಿ ಹಿಡಿಯುವುದಿಲ್ಲ, ಆಮೇಲೆ ಅದರ ಮೇಲೆ ಬೇರೆ ಏನೂ ಅಂಟುವುದಿಲ್ಲ.

ಈಗ ರೆಸಿಸ್ಟರ್ ಅಡ್ಡ ಹಿಡಿದರೆ 12.7 ವೋಲ್ಟ್. ಬೆರಳು ಸುಟ್ಟಿತು. ಇಷ್ಟು ಖುಷಿಯಿಂದ ನಾನು ಯಾವತ್ತೂ ಕೈ ಸುಟ್ಟುಕೊಂಡಿಲ್ಲ. 5ಕ್ಕೆ 25 ಡಿಬಿ, 8ಕ್ಕೆ 21. ಮುಗೀತು ಅಂದುಕೊಂಡೆ.

ಆಮೇಲೆ ಗ್ಲೆನ್ ರೋಸ್.

ಅಲ್ಲಿಂದ ಸೀಡರ್ ಹಿಲ್ ಟವರ್‌ಗಳು ಈಶಾನ್ಯಕ್ಕೆ ಸುಮಾರು 50 ಮೈಲಿ. ಆಂಟೆನಾ ಆ ಕಡೆಗೇ ಇತ್ತು. 4, 5 ಹಾಯಾಗಿ ಬರುತ್ತಿದ್ದವು. ಎರಡನೇ ದಿನ ಸುಮ್ನೆ ಕೂರಲಾರದೆ 8ರ ನಂಬರ್ ಗಂಟೆಗೊಂದು ಸಲ ಚೀಟಿಯಲ್ಲಿ ಬರೆದೆ. ಮಧ್ಯಾಹ್ನ ಒಂದಕ್ಕೆ 12. ಐದಕ್ಕೆ 13. ಏಳೂಮುಕ್ಕಾಲಿಗೆ 19. ಒಂಬತ್ತಕ್ಕೆ 13.

ಮೊದಲು ಹವೆಯ ಮೇಲೆ ಅನುಮಾನ ಪಟ್ಟೆ. ಆಮೇಲೆ ಮರಗಳ ಮೇಲೆ. ಉತ್ತರ ಕಂಡಿದ್ದು ಅಪ್ಪನಿಗೆ. ಆ ಸಂಜೆ ಎಂಟೂಕಾಲಿಗೆ ನನ್ನ ಹೆಂಡತಿ ‘ಕತ್ತಲಾಯ್ತು’ ಅಂತ ದೀಪ ಹಾಕಿದಳು. ಟಿವಿ ಒಡೆಯಿತು.

‘ದೀಪ ಹಾಕಿದ ಕೂಡ್ಲೆ ಹೋಯ್ತು ಕಣೋ.’

‘ಅದಕ್ಕೂ ಇದಕ್ಕೂ ಏನಪ್ಪ ಸಂಬಂಧ?’ ಅಂದೆ. ಆದರೂ ಎದ್ದು ದೀಪ ಆರಿಸಿದೆ. ಐದು ಎಣಿಸುವುದರೊಳಗೆ ಚಿತ್ರ ಬಂತು. ಹಾಕಿದೆ. ಹೋಯಿತು.

ಹೋದ ವರ್ಷ ಹಳೇ ಬಲ್ಬುಗಳನ್ನು ತೆಗೆದು ಎಂಟು ಎಲ್‌ಇಡಿ ಬಲ್ಬು ಹಾಕಿದ್ದು ನಾನೇ. ಅಗ್ಗಕ್ಕೆ ಸಿಕ್ಕಿದ್ದವು. ಬ್ಯಾಟರಿ ವೋಲ್ಟೇಜ್ ಏರಿಳಿದರೂ ಬೆಳಕು ಒಂದೇ ಸಮ ಇರಲಿ ಅಂತ ಅವುಗಳೊಳಗೆ ಒಂದು ಪುಟ್ಟ ಸರ್ಕೀಟ್ ಇರುತ್ತದೆ. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತಾ ಕೂರುತ್ತದೆ. ಕತ್ತರಿಸಿದಾಗೆಲ್ಲ ಗದ್ದಲ. ಗೋಡೆಯೊಳಗಿನ ವೈರುಗಳೇ ಆ ಗದ್ದಲಕ್ಕೆ ಆಂಟೆನಾ. ಇಂಥ ಗದ್ದಲ ವಿಎಚ್‌ಎಫ್‌ನಲ್ಲಿ ಜೋರಾಗಿರುತ್ತದೆ, ಯುಎಚ್‌ಎಫ್‌ಗೆ ಹೋಗುವಷ್ಟರಲ್ಲಿ ಸೋತಿರುತ್ತದೆ. ಅದಕ್ಕೇ 35ರಲ್ಲಿ ಬರುವ 4ಕ್ಕೆ ಏನೂ ಆಗಲಿಲ್ಲ. ಪಾಪದ 8 ಮಾತ್ರ ಸಿಕ್ಕಿಹಾಕಿಕೊಂಡಿತು. ಮನೆ ಮುಂದೆ ಅದೇ ಚಾನೆಲ್ ಬಂದದ್ದು ಟವರ್ ಹತ್ತಿರ ಇದ್ದದ್ದರಿಂದ. ಜೊತೆಗೆ ಅವತ್ತು ದೀಪ ಹಾಕಿರಲಿಲ್ಲ, ಮೋಡವೂ ಇತ್ತು.

ಮೋಡ ಅಂದಾಗ ಹಗಲಿನ ಕಥೆಯೂ ಹೊಳೆಯಿತು. ಛಾವಣಿ ಮೇಲೆ ಎರಡು ಸೋಲಾರ್ ಪ್ಯಾನೆಲ್ ಇವೆ. ಮುಂದಿನ ಡಿಕ್ಕಿಯಲ್ಲಿ ಅದರ ಚಾರ್ಜ್ ಕಂಟ್ರೋಲರ್, ಅಂದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ಡಬ್ಬ. ಅದೂ ಕತ್ತರಿಸುವ ಜಾತಿಯದೇ. ಸೂರ್ಯ ಇರುವವರೆಗೆ ಅದು ಕೆಲಸ ಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ ದೀಪಗಳು ಶುರು. ಎರಡರ ನಡುವೆ ಮುಕ್ಕಾಲು ಗಂಟೆ ಬಿಡುವು. ಎಂಟನೇ ಚಾನೆಲ್‌ಗೆ ಸಿಕ್ಕಿದ್ದು ಆ ಬಿಡುವು.

ಮೂರನೇ ದಿನ ಪೂರ್ತಿ ಕಳ್ಳನನ್ನು ಹಿಡಿಯುವ ಕೆಲಸ. ನಾನು ಫ್ಯೂಸ್ ಬಾಕ್ಸ್ ಮುಂದೆ ಮಂಡಿಯೂರಿದೆ. ಅಪ್ಪ ಸೋಫಾದಲ್ಲಿ ಮೀಟರ್ ಪುಟ ತೆರೆದು ಕೂತರು. ಹಳೇ ‘ಬಂತಾ’ ಆಟವೇ. ಈ ಸಲ ಕೂಗುವವನು ನಾನು. ಆಂಟೆನಾದ ಫ್ಯೂಸ್ ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಕಿತ್ತೆ.

‘ಈಗ?’

‘ಹನ್ನೆರಡು.’

‘ಈಗ?’

‘ಹನ್ನೆರಡೇ. ಕಾಫಿ ಕುಡಿದು ಮಾಡೋಣ್ವಾ?’

ಸೋಲಾರ್ ಪ್ಯಾನೆಲ್‌ನ ವೈರ್ ಬಿಚ್ಚಿದಾಗ ಅಪ್ಪ ಒಮ್ಮೆಲೇ ‘ಹತ್ತೊಂಬತ್ತು!’ ಅಂತ ಕೂಗಿದರು. ಪಕ್ಕದ ಸೈಟಿನವರು ತಿರುಗಿ ನೋಡಿದರು. ಮತ್ತೆ, ಯಾವಾಗಲೂ ಮೊದಲು ಪ್ಯಾನೆಲ್ ಬಿಚ್ಚಿ, ಬ್ಯಾಟರಿ ಆಮೇಲೆ. ಉಲ್ಟಾ ಮಾಡಿದರೆ ಕಂಟ್ರೋಲರ್ ಸುಡಬಹುದು.

ಬಲ್ಬುಗಳಿಗೆ ಅಪ್ಪನ ಜೇಬಿನ ಟ್ರಾನ್ಸಿಸ್ಟರ್ ಸಹಾಯಕ್ಕೆ ಬಂತು. ಎಎಂನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಬಲ್ಬಿನ ಹತ್ತಿರ ಹಿಡಿದರೆ ಜೀರುಂಡೆ ಕೂಗಿದ ಹಾಗೆ ‘ಜೀ...’ ಅನ್ನುತ್ತದೆ. ಎಂಟೂ ಕೂಗಿದವು. ಊಟದ ಟೇಬಲ್ ಮೇಲಿನ ಎರಡು ಎಲ್ಲಕ್ಕಿಂತ ಜೋರು. ಟಿವಿ ಕೇಬಲ್ ಅವುಗಳ ಪಕ್ಕದಲ್ಲೇ ಹಾದು ಹೋಗಿತ್ತು.

ಪ್ಲೇನೋದ ಮನೆಗೆ ಬಂದ ಮೇಲೆ ರಿಪೇರಿ. ಕತ್ತರಿಸುವ ಸರ್ಕೀಟ್ ಇಲ್ಲದ, ಬರೀ ರೆಸಿಸ್ಟರ್ ಇರುವ ಎಲ್‌ಇಡಿ ಬಲ್ಬು ಹುಡುಕಿ ತಂದೆ. ಬ್ಯಾಟರಿ ಇಳಿದರೆ ಇವು ಸ್ವಲ್ಪ ಮಂಕಾಗುತ್ತವೆ. ಆಗಲಿ. ಪರೀಕ್ಷೆಗೆ ಅಂಗಡಿಗೇ ಟ್ರಾನ್ಸಿಸ್ಟರ್ ಒಯ್ದಿದ್ದೆ. ಅಂಗಡಿಯ ಟ್ಯೂಬ್‌ಲೈಟ್‌ಗಳೇ ಇನ್ನೂ ಜೋರಾಗಿ ಕೂಗಿದ್ದರಿಂದ ಪ್ರಯೋಜನವಾಗಲಿಲ್ಲ.

ಸೋಲಾರ್‌ಗೆ ಫೆರೈಟ್ ಉಂಗುರ ಹಾಕಿದೆ. ಲ್ಯಾಪ್‌ಟಾಪ್ ಚಾರ್ಜರ್ ವೈರಿನಲ್ಲಿ ಒಂದು ಗಂಟು ಇರುತ್ತಲ್ಲ, ಅದೇ ಸಾಮಾನು, ಸ್ವಲ್ಪ ದೊಡ್ಡದು. ಪ್ಲಸ್, ಮೈನಸ್ ಎರಡೂ ವೈರ್ ಒಂದೇ ಉಂಗುರದೊಳಗೆ ಒಟ್ಟಿಗೆ ಹೋಗಬೇಕು. ಒಂದನ್ನೇ ಹಾಕಿದರೆ ಚಾರ್ಜಿಂಗ್ ಕರೆಂಟಿಗೇ ಉಂಗುರ ತುಂಬಿಹೋಗಿ ಗದ್ದಲ ತಡೆಯುವುದಿಲ್ಲ. ಎರಡೂ ಸೇರಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದಕ್ಕೊಂದು ವಜಾ. ಮೂರು ಸುತ್ತು ಸುತ್ತಿದೆ. ಪ್ಯಾನೆಲ್ ಕಡೆ ಒಂದು, ಬ್ಯಾಟರಿ ಕಡೆ ಒಂದು. ಛಾವಣಿ ಮೇಲೆ ಹಗ್ಗದ ಹಾಗೆ ಎರಡೂ ವೈರನ್ನು ಹೊಸೆದು, ಆಂಟೆನಾದಿಂದ ದೂರಕ್ಕೆ ಸರಿಸಿದೆ. ಮೇ ತಿಂಗಳಲ್ಲಿ ಮತ್ತೆ ಗ್ಲೆನ್ ರೋಸ್‌ಗೆ ಹೋಗಿ ನೋಡಿದೆವು. ಸುಡುಬಿಸಿಲಿನಲ್ಲಿ 17. ದೀಪ ಹಾಕಿ 19.

ಸೀಡರ್ ಹಿಲ್ ಸ್ಟೇಟ್ ಪಾರ್ಕ್‌ನ ಪ್ರಸಂಗ ಒಂದು ಹೇಳಲೇಬೇಕು. ಜೋ ಪೂಲ್ ಕೆರೆ ದಂಡೆ. ಟವರ್‌ಗಳು ಮೂರ್ನಾಲ್ಕು ಮೈಲಿಯಲ್ಲೇ, ಸುಮಾರು 1,500 ಅಡಿ ಎತ್ತರ, ರಾತ್ರಿ ಮಿಣಮಿಣ ಅನ್ನುತ್ತಾ ತಲೆ ಮೇಲೇ ನಿಂತ ಹಾಗೆ. ಇಲ್ಲಿ ಬರದೆ ಇನ್ನೆಲ್ಲಿ ಬರುತ್ತೆ ಅಂತ ಆಂಟೆನಾ ಏರಿಸಿದೆ. ಒಂದೂ ಇಲ್ಲ. ಕಿವಿ ಹತ್ತಿರ ಬಾಯಿಟ್ಟು ಕಿರುಚಿದರೆ ಮಾತು ತಿಳಿಯುತ್ತಾ? ಬೂಸ್ಟರ್‌ಗೆ ಆದದ್ದು ಅದೇ. ಟಿವಿಯ ಹಿಂದೆ ಸಿಗ್ನಲ್ ತಗ್ಗಿಸುವ ತುಂಡು ಹಾಕಿ ನೋಡಿದೆ, ಉಪಯೋಗವಿಲ್ಲ. ಕೆಡುತ್ತಿರುವುದು ಬೂಸ್ಟರ್ ಒಳಗೇ, ಕೆಟ್ಟ ಮೇಲೆ ತಗ್ಗಿಸಿ ಏನು ಬಂತು? ಬೇಸರದಿಂದ ಆಂಟೆನಾ ಇಳಿಸಿ ಮಲಗಿಸಿದೆ. ಎಲ್ಲ ಚಾನೆಲ್‌ಗಳೂ ಬಂದವು. ‘ಏರಿಸಿದರೆ ಹೋಗುತ್ತೆ, ಇಳಿಸಿದರೆ ಬರುತ್ತೆ. ಒಳ್ಳೇ ಆಂಟೆನಾ ನಿಂದು’ ಅಂತ ಅಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ.

ಆ ಪಾರ್ಕ್‌ನಿಂದ ಹೊರಡುವಾಗ ಆಂಟೆನಾ ಇಳಿದೇ ಇತ್ತು. ಅದಕ್ಕೂ ಹಿಂದಿನ ಸಲ ಏರಿಸಿಕೊಂಡೇ ಹೊರಟಿದ್ದೆ. ಒಂದು ಓಕ್ ಮರದ ಕೊಂಬೆ ನೆನಪಿಸಿತು. ಈಗ ಆಂಟೆನಾ ಏರಿಸಿದಾಗೆಲ್ಲ ಟ್ರಕ್ಕಿನ ಕೀಲಿಯನ್ನು ಒಳಗಿನ ಆ ಹಿಡಿಕೆಗೇ ನೇತು ಹಾಕುತ್ತೇನೆ. ಇಳಿಸದೆ ಕೀಲಿ ಕೈಗೆ ಬರದಂತೆ ದಾರ ಕಟ್ಟಿದ್ದೇನೆ.

ಒಲೆಯ ಮೇಲಿನ ಹುಡ್‌ನ ದೀಪವೊಂದು ಬಾಕಿ ಇದೆ. ಅದು ಬೇರೆ ಅಳತೆಯದು, ಸದ್ದಿಲ್ಲದ ಬಲ್ಬು ಇನ್ನೂ ಸಿಕ್ಕಿಲ್ಲ. ಅದನ್ನು ಹಾಕಿದರೆ 8 ಎರಡು ಡಿಬಿ ಇಳಿಯುತ್ತದೆ, ದೂರದ ಕ್ಯಾಂಪಿನಲ್ಲಾದರೆ ಒಡೆಯುತ್ತದೆ. ಅದಕ್ಕೇ ರಾತ್ರಿ ಹವಾಮಾನ ಬರುವ ಹೊತ್ತಿಗೆ ಕಾಫಿ ಬೇಕೆನಿಸಿದರೆ ಅಪ್ಪ ಆ ದೀಪ ಹಾಕುವುದಿಲ್ಲ. ಟಿವಿಯ ಬೆಳಕಿನಲ್ಲೇ ಡಿಕಾಕ್ಷನ್ ಬಗ್ಗಿಸುತ್ತಾರೆ, ಲೋಟದಲ್ಲಿ ಬೆರಳಿಟ್ಟು ಅಳತೆ ನೋಡುತ್ತಾರೆ.